ಮಕ್ಕಳ ಭೇದಿ, ತೂಕ ಮತ್ತು ಪೌಷ್ಟಿಕತೆ: ಪ್ರಶ್ನೋತ್ತರ

ನಿರ್ವಾಹಕರು: ನಾಪೋಕ್ಲು ಕಡೆಯವರಾದ ಡಾಕ್ಟರ್ ಮೇಡಂ ಮಕ್ಕಳ ಕರುಳಿನ ಸೋಂಕು ಮತ್ತು ಪೌಷ್ಟಿಕತೆಯ ಸಂಶೋಧನೆಯಲ್ಲಿ ಇಪ್ಪತ್ತೆರಡು ವರ್ಷ ಕಳೆದು ಊರಿಗೆ ಮರಳಿದ್ದಾರೆ. ಇಂದು ಸಂಜೆ ಉತ್ತರಿಸುತ್ತಾರೆ. ದಯವಿಟ್ಟು ವಿಷಯ ಬಿಟ್ಟು ಹೋಗಬೇಡಿ.

ವಿರಾಜಪೇಟೆಯ ಸದಸ್ಯರು: ನಮಸ್ಕಾರ ಮೇಡಂ. ಕರಿ ಕಾಫಿಗೆ ನಿಂಬೆರಸ ಹಿಂಡಿ ಕುಡಿಸಿದರೆ ಭೇದಿ ನಿಲ್ಲುತ್ತದೆಂಬ ಸಂದೇಶ ಬಂದಿದೆ. ಎರಡು ವರ್ಷದ ಮೊಮ್ಮಗನಿಗೆ ಕೊಡಬಹುದೇ?

ಡಾಕ್ಟರ್: ನಮಸ್ಕಾರ. ಕೊಡಬೇಡಿ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಇಡೀ ಓಆರ್‌ಎಸ್ ಪೊಟ್ಟಣ ಹಾಕಿ ಆಗಾಗ ಚಮಚದಲ್ಲಿ ಕುಡಿಸಿ. ದಿನಕ್ಕೆ 20 ಮಿಲಿಗ್ರಾಂ ಜಿಂಕ್ ಮಾತ್ರೆಯನ್ನು ಭೇದಿ ನಿಂತ ಮೇಲೂ ಮುಂದುವರಿಸಿ 14 ದಿನ ಪೂರೈಸಿ. ಊಟ ನಿಲ್ಲಿಸಬೇಡಿ.

ಸಿದ್ದಾಪುರ ಕಡೆಯ ಅಂಗನವಾಡಿ ಕಾರ್ಯಕರ್ತೆ: ಮೇಡಂ, ತೋಟದ ಲೈನ್ ಮನೆಯ ಒಂದೂವರೆ ವರ್ಷದ ಹೆಣ್ಣು ಮಗುವಿಗೆ ಮಳೆ ಹಿಡಿದಾಗಿನಿಂದ ಭೇದಿ ಬಂದು ಬಂದು ಹೋಗುತ್ತಿದೆ. ಕಳೆದ ತಿಂಗಳು 7.1 ಕಿಲೋ ಇದ್ದ ತೂಕ ಈಗ 7.6 ಆಗಿದೆ. ಚಾರ್ಟಿನಲ್ಲಿ ಕೆಂಪಿನಿಂದ ಹಳದಿಗೆ ಬಂದಿದ್ದರಿಂದ ಎಲ್ಲರಿಗೂ ಸಂತೋಷವಾಯಿತು. ಆದರೆ ತೋಳಿನ ಸುತ್ತಳತೆ 11.2 ಸೆಂಟಿಮೀಟರಿನಲ್ಲೇ ನಿಂತಿದೆ, ಮಗು ಆಟವನ್ನೂ ಆಡುತ್ತಿಲ್ಲ.

ಡಾಕ್ಟರ್: ಅಮ್ಮಾ, ಉಳಿದ ಪ್ರಶ್ನೆಗಳು ಕಾಯಲಿ. ಭೇದಿ ಹಿಡಿದ ಮಗುವಿನ ತೂಕ ಅರ್ಧ ಕಿಲೋ ಏರಿ ತೋಳು ಮಾತ್ರ ಹಾಗೆಯೇ ಉಳಿದಿದ್ದರೆ, ಏರಿದ್ದು ಮಾಂಸವಲ್ಲ, ಮೈಯಲ್ಲಿ ನಿಂತ ನೀರಿರಬಹುದು. ಮಗುವಿನ ಎರಡೂ ಪಾದಗಳ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಡಿ. ಎರಡರಲ್ಲೂ ಗುಳಿ ಉಳಿದರೆ ಚಾರ್ಟು ಯಾವ ಬಣ್ಣ ತೋರಿಸಿದರೂ ಅದು ತೀವ್ರ ಅಪೌಷ್ಟಿಕತೆಯೇ. ತೋಳು 11.5ಕ್ಕಿಂತ ಕಡಿಮೆ ಇರುವುದೊಂದೇ ಅದಕ್ಕೆ ಸಾಕು. ಗುಳಿಯೂ ಬಿದ್ದರೆ ಇಂದೇ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಹೊರಡಿ. ಮೇಲೆ ಹೇಳಿದ ಓಆರ್‌ಎಸ್ ಲೆಕ್ಕ ಈ ಮಗುವಿಗೆ ಅನ್ವಯಿಸುವುದಿಲ್ಲ. ಇಂಥ ಮೈ ಉಪ್ಪನ್ನು ಹೊರಹಾಕಲಾರದು, ಧಾರಾಳವಾಗಿ ಕುಡಿಸಿದರೆ ಹೃದಯ ಸೋಲಬಹುದು. ಬಾವು ಇಳಿಯಲೆಂದು ಯಾರಾದರೂ ಮೂತ್ರದ ಮಾತ್ರೆ ಕೊಟ್ಟರೆ ಅದನ್ನೂ ಹಾಕಬೇಡಿ. ಹೊರಡುವ ಮೊದಲು ಮೂರು ದೊಡ್ಡ ಚಮಚ ನೀರಿಗೆ ಒಂದು ಚಿಕ್ಕ ಚಮಚ ಸಕ್ಕರೆ ಕರಗಿಸಿ ಗುಟುಕು ಗುಟುಕಾಗಿ ಕುಡಿಸಿ, ತಾಯಿ ಹಾಲು ಕೊಡುತ್ತಿದ್ದರೆ ಅದು ನಡೆಯಲಿ. ಈ ಚಳಿಯಲ್ಲಿ ಮಗುವನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಒರಗಿಸಿ, ಮೇಲೆ ಕಂಬಳಿ ಹೊದಿಸಿ ಕರೆದೊಯ್ಯಿರಿ.

ಗೋಣಿಕೊಪ್ಪದ ವಿದ್ಯಾರ್ಥಿ: ಮೇಡಂ, ವೈರಾಣು ವಿಜ್ಞಾನಿಯಾದ ನೀವು ಪೌಷ್ಟಿಕತೆಯ ಕಡೆಗೆ ಹೊರಳಿದ್ದೇಕೆ?

ಡಾಕ್ಟರ್: ಎರಡನ್ನೂ ಬೇರೆ ಮಾಡಲು ಆಗಲಿಲ್ಲವಾದ್ದರಿಂದ. ಮಕ್ಕಳಿಗೆ ಭಾರೀ ಭೇದಿ ತರುವ ರೋಟಾವೈರಸ್ ಪತ್ತೆಯಾದದ್ದು 1973ರಲ್ಲಿ, ಮೆಲ್ಬರ್ನಿನಲ್ಲಿ. ನಮ್ಮ ದೇಶದ ಲಸಿಕಾ ಕಾರ್ಯಕ್ರಮಕ್ಕೆ ಅದರ ಲಸಿಕೆ ಸೇರಿದ್ದು 2016ರಲ್ಲಿ. ನಡುವಿನ ವರ್ಷಗಳಲ್ಲಿ ನನ್ನಂಥ ನೂರಾರು ಮಂದಿ ಐಸ್ ಪೆಟ್ಟಿಗೆಯಲ್ಲಿ ಮಕ್ಕಳ ಮಲದ ಮಾದರಿ ಹೊತ್ತು ತಿರುಗಿದೆವು. ವೆಲ್ಲೂರಿನಲ್ಲಿ ವೈರಾಣು ವಿಜ್ಞಾನಿ ಗಗನ್‌ದೀಪ್ ಕಾಂಗ್ ಅವರ ತಂಡ 373 ಮಕ್ಕಳನ್ನು ಹುಟ್ಟಿನಿಂದ ಮೂರು ವರ್ಷ ಹಿಂಬಾಲಿಸಿತು (ನಾನು ಆ ತಂಡದಲ್ಲಿರಲಿಲ್ಲ). ಮೆಕ್ಸಿಕೋದ ಮಕ್ಕಳಿಗೆ ಎರಡು ಸಲ ಸೋಂಕು ತಗಲಿದರೆ ಮುಂದೆ ಭಾರೀ ಭೇದಿ ಬರುತ್ತಿರಲಿಲ್ಲ. ಇಲ್ಲಿ ಮೂರು ಸಲ ತಗಲಿದ ಮೇಲೂ ರಕ್ಷಣೆ 79 ಶೇಕಡಕ್ಕೆ ನಿಂತಿತು. ಕೊಳಕು ನೀರಿನಿಂದ ಪದೇ ಪದೇ ಕೆರಳುವ ಕರುಳಿನ ಒಳಪದರ ಸವೆದು, ತಿಂದದ್ದನ್ನೂ ಹೀರದು, ಬಾಯಿಯ ಲಸಿಕೆಗೂ ಸರಿಯಾಗಿ ಸ್ಪಂದಿಸದು ಎಂಬುದು ನಮ್ಮಲ್ಲಿ ಹಲವರ ಅನುಮಾನ. ಅದರ ಬೆನ್ನು ಹತ್ತಿದವಳು ತಕ್ಕಡಿ, ಅಳತೆ ಟೇಪು ಹಿಡಿಯಲೇಬೇಕಾಯಿತು.

ಪೊನ್ನಂಪೇಟೆಯ ಸದಸ್ಯರು: ಕರಿ ಕಾಫಿ, ನಿಂಬೆ ಕೊಡಬಹುದೇ ಮೇಡಂ?

ಡಾಕ್ಟರ್: ಮೇಲೆ ಓದಿ.

ಸುಂಟಿಕೊಪ್ಪದ ಸದಸ್ಯರು: ಜಾಯಿಕಾಯಿ ತೇದು ನೆಕ್ಕಿಸುವುದು ನಮ್ಮ ಅಜ್ಜಿಯ ಕಾಲದ್ದು. ಇದೋ ಸಂದೇಶ, ಸಾವಿರಾರು ಜನ ಹಂಚಿದ್ದಾರೆ.

ಡಾಕ್ಟರ್: ಹಂಚಿದವರಲ್ಲಿ ಒಬ್ಬರಾದರೂ ಜಾಯಿಕಾಯಿ ಹೆಚ್ಚಾಗಿ ಮಂಪರು ಕವಿದ ಕೂಸನ್ನು ನೋಡಿದ್ದಾರೆಯೇ? ನಾನು ನೋಡಿದ್ದೇನೆ. ಭೇದಿ ನಿಲ್ಲಲಿಲ್ಲ, ಅಳು ನಿಂತಿತ್ತು, ಮನೆಯವರು ಗುಣವಾಯಿತೆಂದುಕೊಂಡರು.

ಸೋಮವಾರಪೇಟೆಯ ಬೆಳೆಗಾರರು: ಲೈನ್ ಮನೆಗೆ ಶೌಚಾಲಯ ಕಟ್ಟಿಸಿಕೊಟ್ಟಿದ್ದೇನೆ. ಅದರಲ್ಲಿ ಸೌದೆ ಪೇರಿಸಿಟ್ಟಿದ್ದಾರೆ. ಭೇದಿಗೆ ಮಾಲೀಕರು ಹೊಣೆಯೇ?

ಶನಿವಾರಸಂತೆಯ ಶಿಕ್ಷಕರು: ಅದಕ್ಕೆ ನೀರಿನ ಸಂಪರ್ಕ ಕೊಟ್ಟಿದ್ದೀರಾ ಸ್ವಾಮಿ? ಸೌದೆ ಇಡಲು ಮಳೆಗಾಲದಲ್ಲಿ ಬೇರೆ ಒಣ ಜಾಗ ಇದೆಯೇ?

ಬೆಳೆಗಾರರು: ತೋಟ ನಡೆಸುವ ಕಷ್ಟ ನಿಮಗೇನು ಗೊತ್ತು? ಅಸ್ಸಾಮಿನಿಂದ ಬಂದವರು ಮೂರು ತಿಂಗಳು ನಿಲ್ಲುವುದಿಲ್ಲ.

ಶಿಕ್ಷಕರು: ಆ ಮೂರು ತಿಂಗಳು ಅವರ ಮಕ್ಕಳು ನಿಮ್ಮ ಹಳ್ಳದ ನೀರನ್ನೇ ಕುಡಿಯುತ್ತಾರೆ.

ನಿರ್ವಾಹಕರು: ಇಬ್ಬರೂ ದಯವಿಟ್ಟು ನಿಲ್ಲಿಸಿ.

ಮಡಿಕೇರಿಯ ಪೋಷಕರು: ಮೇಡಂ, ಮಗಳು ಬಿಎಸ್ಸಿ ಮೈಕ್ರೋಬಯಾಲಜಿ ಮುಗಿಸಿದ್ದಾಳೆ. ಸಂಶೋಧನೆಯಲ್ಲಿ ಸಂಪಾದನೆ ಉಂಟೇ?

ಬೆಳೆಗಾರರು: ನಾನೇಕೆ ನಿಲ್ಲಿಸಲಿ? ಆರಂಭಿಸಿದವರು ಮೇಷ್ಟ್ರು.

ಡಾಕ್ಟರ್: ಆರಂಭಿಸಿದ್ದು ನೀವೇ, ಮೇಲೆ ಕಾಣುತ್ತಿದೆ. ಸಿದ್ದಾಪುರದ ಅಮ್ಮ ಎಲ್ಲಿ? ಗುಳಿ ಬಿತ್ತೇ?

ಅಂಗನವಾಡಿ ಕಾರ್ಯಕರ್ತೆ: ಬಿತ್ತು ಮೇಡಂ, ಎರಡೂ ಪಾದದಲ್ಲಿ. ಜೀಪು ಸಿಕ್ಕಿದೆ. ಕೂಲಿ ತಪ್ಪುತ್ತದೆಂದು ತಾಯಿ ಹಿಂಜರಿಯುತ್ತಿದ್ದಾಳೆ.

ಡಾಕ್ಟರ್: ಕನಿಷ್ಠ ಎರಡು ವಾರ ಅಲ್ಲಿರಬೇಕಾಗಬಹುದು ಎಂದು ಆಕೆಗೆ ಈಗಲೇ ಹೇಳಿ, ಮುಚ್ಚಿಡಬೇಡಿ. ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಜೊತೆಗಿರುವ ತಾಯಿಗೆ ಕೂಲಿ ನಷ್ಟದ ಭತ್ಯೆಯನ್ನು ಕೇಳಿ ಪಡೆಯಿರಿ. ತೋಟದ ಮಾಲೀಕರ ಸಂಖ್ಯೆ ನನಗೆ ಕಳುಹಿಸಿ, ನಾನು ಮಾತನಾಡುತ್ತೇನೆ. ಈ ರಾತ್ರಿ ಇನ್ನು ಬೇರೆ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ.

ಕುಶಾಲನಗರದ ಸದಸ್ಯರು: ಮೇಡಂ, ಕರಿ ಕಾಫಿಗೆ ಸಕ್ಕರೆ ಹಾಕದಿದ್ದರೆ ಪರವಾಗಿಲ್ಲವೇ?