ನಾಲ್ಕು ಸಾಲಿನ ಸಿನಿಮಾ ವಿಮರ್ಶೆ: ನೀವು ಹೇಗೆ ಬರೆಯುತ್ತೀರಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನೋಡಿದ ಪ್ರತಿ ಸಿನಿಮಾದ ಬಗ್ಗೆ ನೋಟ್‌ಬುಕ್ಕಿನಲ್ಲಿ ನಾಲ್ಕೈದು ಸಾಲು ಬರೆದಿಡುತ್ತೇನೆ. ಮೊನ್ನೆ ಹಳೆಯದನ್ನೆಲ್ಲ ಓದಿದೆ. ಬೇಜಾರಾಯಿತು. ಥ್ರಿಲ್ಲರ್ ಆಗಲಿ, ಕಾಮಿಡಿ ಆಗಲಿ, "ಕಥೆ ಚೆನ್ನಾಗಿದೆ, ಸೆಕೆಂಡ್ ಹಾಫ್ ಎಳೆದಿದ್ದಾರೆ, ನಟನೆ ಸೂಪರ್" ಅಂತಲೇ ಇದೆ. ಹೆಸರು ಮುಚ್ಚಿಟ್ಟರೆ ಯಾವ ಚಿತ್ರ ಅಂತ ನನಗೇ ಗೊತ್ತಾಗುವುದಿಲ್ಲ. ನೀವು ಬರೆದದ್ದು ಒಂದೆರಡು ಹಾಕ್ತೀರಾ?

ಉತ್ತರ 1

ನಾನೂ ಹೀಗೇ ಬರೆಯುತ್ತಿದ್ದೆ. ಆಮೇಲೆ ಕಥೆ ಹೇಳುವುದನ್ನೇ ಬಿಟ್ಟೆ. ಮರುದಿನವೂ ಕಣ್ಣಿಗೆ ಕಟ್ಟಿದ ಹಾಗಿರುವ ಒಂದು ದೃಶ್ಯ ಹಿಡಿಯುತ್ತೇನೆ. ಅದು ಯಾಕೆ ಉಳಿಯಿತು, ಚಿತ್ರ ಎಲ್ಲಿ ಎಡವಿತು, ಇಷ್ಟೇ. ನನ್ನವು ಮೂರು:

ಬೈಸಿಕಲ್ ಥೀವ್ಸ್ (1948): ಕೆಲಸಕ್ಕೆ ಸೈಕಲ್ ಬೇಕೇ ಬೇಕು, ಅದು ಅಡವಿನಲ್ಲಿದೆ. ಬಿಡಿಸಿಕೊಳ್ಳಲು ಹೆಂಡತಿ ಮನೆಯ ಬೆಡ್‌ಶೀಟ್‌ಗಳನ್ನೇ ಒಯ್ದು ಕೊಡುತ್ತಾಳೆ. ಅಲ್ಲಿನ ಕೆಲಸದವನು ಆ ಗಂಟು ಹೊತ್ತು ಕಪಾಟು ಹತ್ತುತ್ತಾನೆ. ಹತ್ತುತ್ತಲೇ ಹೋಗುತ್ತಾನೆ. ಮೇಲಿನವರೆಗೂ ಬರೀ ಅಂಥವೇ ಗಂಟುಗಳು. ಒಂದು ಮನೆಯ ಕಷ್ಟ ಅಂದುಕೊಂಡಿದ್ದೆ. ಊರಿಗೂರೇ ಹಾಸಿಗೆ ಅಡವಿಟ್ಟಿದೆ. ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅಪ್ಪನ ಪಾತ್ರ ಮಾಡಿದವರು ನಟರಲ್ಲ, ಕಾರ್ಖಾನೆ ಕೆಲಸಗಾರ. ಆ ನಡಿಗೆಯಲ್ಲೇ ಗೊತ್ತಾಗುತ್ತದೆ. ಒಂದೇ ದೂರು, ಹಿನ್ನೆಲೆ ಸಂಗೀತ ಜಾಸ್ತಿಯಾಯಿತು. ಅಪ್ಪನ ಜೊತೆಗಿರುವ ಮಗನ ಮುಖವೇ ಸಾಕಿತ್ತು.

ಜಾಸ್ (1975): ಯಂತ್ರದ ಶಾರ್ಕ್ ಸಮುದ್ರದ ನೀರಿನಲ್ಲಿ ಪದೇ ಪದೇ ಕೆಡುತ್ತಿತ್ತು. ಹಾಗಾಗಿ ನಿರ್ದೇಶಕ ಸ್ಪಿಲ್‌ಬರ್ಗ್ ಅದನ್ನು ಬಹಳ ಹೊತ್ತು ತೋರಿಸಲೇ ಇಲ್ಲ. ಶಾರ್ಕ್‌ಗೆ ಕಟ್ಟಿದ, ನೀರಿನ ಮೇಲೆ ಓಡುವ ಹಳದಿ ಪೀಪಾಯಿಗಳನ್ನು ನೋಡಿಯೇ ನಾನು ಹೆದರಿದ್ದು. ಅವು ಮುಳುಗಿದಾಗ ಉಸಿರು ನಿಂತ ಹಾಗಾಯಿತು. ಕೊನೆಗೆ ಶಾರ್ಕ್ ದೋಣಿಯ ಮೇಲೆ ಬಿದ್ದಾಗ ಅದು ಗೊಂಬೆ ಅಂತ ಕಾಣುತ್ತದೆ, ಭಯ ಅರ್ಧ ಇಳಿಯುತ್ತದೆ.

ಮಾಡರ್ನ್ ಟೈಮ್ಸ್ (1936): ಊಟ ಮಾಡಿಸುವ ಯಂತ್ರ ಕೆಟ್ಟು ಜೋಳದ ತೆನೆ ಚಾಪ್ಲಿನ್ ಬಾಯಿಗೆ ಗರಗರ ತಿರುಗುತ್ತದೆ. ಕೈಕಾಲು ಕಟ್ಟಿಹಾಕಿದ್ದಾರೆ, ನಟಿಸಲು ಇರುವುದು ಮುಖ ಮಾತ್ರ. ಕಾರ್ಖಾನೆ ಬಿಟ್ಟ ಮೇಲೆ ಚಿತ್ರ ಬಿಡಿ ಬಿಡಿ ತುಣುಕುಗಳಾಗುತ್ತದೆ.

ಉತ್ತರ 2

ಒಂದೇ ದೃಶ್ಯ ಹಿಡಿದರೆ ಕೆಲವು ಚಿತ್ರ ತಪ್ಪಿಹೋಗುತ್ತವೆ ಅನ್ನಿಸುತ್ತದೆ. '12 ಆಂಗ್ರಿ ಮೆನ್' (1957) ನೋಡಿ. ಹೆಚ್ಚುಕಡಿಮೆ ಇಡೀ ಚಿತ್ರ ಒಂದೇ ಕೋಣೆಯಲ್ಲಿ. ಮೊದಲು ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲಿರುತ್ತದೆ, ಬರ್ತಾ ಬರ್ತಾ ಕೆಳಗಿಳಿಯುತ್ತದೆ. ಕೊನೆಗೆ ತಲೆಯ ಮೇಲೆ ಸೀಲಿಂಗ್ ಕಾಣುತ್ತದೆ. ಲೆನ್ಸ್ ಕೂಡ ಬದಲಾಗುತ್ತಾ ಹೋಗಿ ಗೋಡೆಗಳು ಹತ್ತಿರ ಬಂದ ಹಾಗಾಗುತ್ತದೆ. ನನಗೆ ಸುಮ್ನೆ ಸೆಕೆ ಅನ್ನಿಸಿತ್ತು. ಎರಡನೇ ಸಲ ನೋಡಿದಾಗಲೇ ಯಾಕೆ ಅಂತ ಹೊಳೆದದ್ದು. ಇದನ್ನು ಯಾವ ಒಂದು ದೃಶ್ಯದಲ್ಲಿ ತೋರಿಸುತ್ತೀರಿ?

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಹಳೇ ಪುಟ ತೆಗೆದೆ. 'ಸೈಕೋ' (1960) ಬಗ್ಗೆ "ಕ್ಲೈಮ್ಯಾಕ್ಸ್ ಸೂಪರ್" ಅಂತಷ್ಟೇ ಇತ್ತು. ಹೊಡೆದುಹಾಕಿ ಹೀಗೆ ಬರೆದೆ:

"ಹೆಣ ಇರುವ ಕಾರು ಕೆಸರಿನಲ್ಲಿ ಮುಳುಗುತ್ತಾ ಅರ್ಧಕ್ಕೆ ನಿಲ್ಲುತ್ತದೆ. ನಾರ್ಮನ್‌ಗೆ ಗಾಬರಿ. ನನಗೂ ಗಾಬರಿ. ಬೇಗ ಮುಳುಗಲಿ ಅಂತ ಬೇಡಿಕೊಂಡೆ. ಕೊಲೆ ಮುಚ್ಚಿಹಾಕುವವನ ಕಡೆಗೆ ನಾನು ಯಾವಾಗ ಹೋದೆನೋ ಗೊತ್ತಿಲ್ಲ. ಕೊನೆಯಲ್ಲಿ ಮನಸ್ಸಿನ ಡಾಕ್ಟರ್ ಬಂದು ನಾರ್ಮನ್ ಬಗ್ಗೆ ಪಾಠದ ಹಾಗೆ ಎಲ್ಲ ಬಿಡಿಸಿ ಹೇಳುತ್ತಾರೆ. ಅದು ಬೇಕಿರಲಿಲ್ಲ."

ಪರವಾಗಿಲ್ವಾ?

ಉತ್ತರ 1

ತುಂಬಾ ಚೆನ್ನಾಗಿದೆ. ಈಗ ಹೆಸರು ಮುಚ್ಚಿಟ್ಟರೂ ಗೊತ್ತಾಗುತ್ತದೆ. ಡಾಕ್ಟರ್ ವಿಷಯ ಮಾತ್ರ ಒಪ್ಪಲಾರೆ. ಅವರು ಅಷ್ಟೆಲ್ಲ ಹೇಳಿ ಮುಗಿಸಿದ ಮೇಲೆ ನಾರ್ಮನ್ ಒಬ್ಬನೇ ಕೂತು ನಿಧಾನಕ್ಕೆ ನಗುತ್ತಾನಲ್ಲ, ಆ ನಗು ಆ ವಿವರಣೆಗೆ ಸಿಗುವುದೇ ಇಲ್ಲ. ಆ ಕೊನೆಯ ಐದು ನಿಮಿಷ ಇನ್ನೊಂದು ಸಲ ನೋಡಿ, ಆಮೇಲೆ ಆ ಸಾಲು ಇಟ್ಟುಕೊಳ್ಳುತ್ತೀರಾ ಹೇಳಿ.