ಎಂಎಸ್ ಆರ್ಥೋ ಆದಮೇಲೆ ಸ್ಪೈನ್: ಯಾವ ದಾರಿ ಹಿಡಿಯಬೇಕು, ಒಪಿಡಿಯಲ್ಲಿ ಏನು ಕಲಿಯಬೇಕು?

ಕೊನೆವರ್ಷದ_ಪಿಜಿ:

ಎಂಎಸ್ ಆರ್ಥೋ (ಮೂಳೆ ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ಪದವಿ) ಕೊನೆಯ ವರ್ಷದಲ್ಲಿದ್ದೇನೆ, ಮುಂದೆ ಸ್ಪೈನ್ (ಬೆನ್ನುಮೂಳೆ) ಸರ್ಜರಿ ಮಾಡುವ ಮನಸ್ಸಿದೆ. ಎಫ್‌ಎನ್‌ಬಿ (ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಫೆಲೋಶಿಪ್) ಮಾಡಬೇಕೋ, ಬೇರೆ ಫೆಲೋಶಿಪ್ ಸಾಕೋ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪೆಡಿಕಲ್ ಸ್ಕ್ರೂ (ಬೆನ್ನುಮೂಳೆಯ ಹಿಂಭಾಗವನ್ನು ಮುಂಭಾಗಕ್ಕೆ ಜೋಡಿಸುವ ಪೆಡಿಕಲ್ ಎಂಬ ಭಾಗಕ್ಕೆ ಹಾಕುವ ಸ್ಕ್ರೂ) ಕೈಗೆ ಹತ್ತಿದರೆ ಮುಕ್ಕಾಲು ಪಾಲು ಆದಂತೆ ಎನ್ನುವ ಸೀನಿಯರ್‌ಗಳೂ ಇದ್ದಾರೆ. ಈ ಕೆಲಸದಲ್ಲಿರುವವರು ಹೇಳಿ: ತರಬೇತಿಯ ದಾರಿ ಹೇಗೆ? ರೋಗಿಯನ್ನು ನೋಡುವ ವಿಧಾನದಲ್ಲಿ ಏನನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕು? ಓಟಿ, ಅರಿವಳಿಕೆ, ಫಿಸಿಯೋ ಕಡೆಯವರೂ ಬರೆದರೆ ಒಳ್ಳೆಯದು.

ಸ್ಪೈನ್_ಒಪಿಡಿ:

ದಾರಿ ಮೊದಲು ಹೇಳಿಬಿಡುತ್ತೇನೆ, ಅದು ಸುಲಭ. ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್ ಐದೂವರೆ ವರ್ಷ, ಎಂಎಸ್ ಅಥವಾ ಅದಕ್ಕೆ ಸಮಾನವಾದ ಡಿಎನ್‌ಬಿ ಆರ್ಥೋ 3 ವರ್ಷ, ಅದರ ಮೇಲೆ ಎಫ್‌ಎನ್‌ಬಿ ಸ್ಪೈನ್ 2 ವರ್ಷ. ಎಫ್‌ಎನ್‌ಬಿ ಸೀಟಿಗೆ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಪ್ರವೇಶ ಪರೀಕ್ಷೆ ಬರೆಯಬೇಕು. ನ್ಯೂರೋಸರ್ಜರಿ ಕಡೆಯಿಂದ ಬರುವವರೂ ಇದ್ದಾರೆ. ಬೆನ್ನುಹುರಿಯ ಒಳಗಿನ ಗಡ್ಡೆಗಳಲ್ಲಿ ಅವರ ಕೈ ಪಳಗಿರುತ್ತದೆ, ವಕ್ರತೆ ತಿದ್ದುವುದರಲ್ಲಿ ಆರ್ಥೋದವರದು. ಕೊಯಮತ್ತೂರಿನ ಗಂಗಾ ಆಸ್ಪತ್ರೆ, ದೆಹಲಿಯ ಇಂಡಿಯನ್ ಸ್ಪೈನಲ್ ಇಂಜುರೀಸ್ ಸೆಂಟರ್ ಇಂಥ ಜಾಗಗಳ ಹೆಸರು ನಿಮಗೆ ಗೊತ್ತೇ ಇದೆ. ಸೀಟು ಆರಿಸುವಾಗ ಆಪರೇಷನ್ ಸಂಖ್ಯೆ ಒಂದನ್ನೇ ಕೇಳಬೇಡಿ. ಫೆಲೋ ತಾನು ಸಹಾಯ ಮಾಡಿದ ರೋಗಿಯನ್ನು 6 ವಾರ, 6 ತಿಂಗಳು, 1 ವರ್ಷಕ್ಕೆ ಮತ್ತೆ ನೋಡುತ್ತಾನೋ ಇಲ್ಲವೋ, ಅದನ್ನು ಕೇಳಿ. ಸ್ಕ್ರೂ ಹಾಕುವುದನ್ನಷ್ಟೇ ನೋಡಿ, ಅದೇ ಸ್ಕ್ರೂ ಸಡಿಲವಾಗಿ ರೋಗಿ ವಾಪಸ್ ಬರುವುದನ್ನು ನೋಡದಿದ್ದರೆ ತರಬೇತಿ ಅರ್ಧಕ್ಕೇ ನಿಂತಂತೆ.

ಸ್ಕ್ರೂ ಬಗ್ಗೆಯೂ ಹೇಳಬೇಕು. ಸೊಂಟದಲ್ಲಿ ಟ್ರಾನ್ಸ್‌ವರ್ಸ್ ಪ್ರೋಸೆಸ್‌ನ (ಮೂಳೆಯ ಪಕ್ಕದ ಚಾಚು) ಮಧ್ಯಗೆರೆ ಮತ್ತು ಮೇಲಿನ ಫೆಸೆಟ್‌ನ (ಹಿಂಬದಿಯ ಕೀಲು) ಹೊರ ಅಂಚು ಕೂಡುವಲ್ಲಿ ಒಳಹೋಗುತ್ತೀರಿ. ಸೊಂಟದ ಮೊದಲ ಮೂಳೆ ಎಲ್1ರಿಂದ ಐದನೆಯ ಎಲ್5ಕ್ಕೆ ಇಳಿದಂತೆ ಒಳಮುಖದ ಕೋನ ಹೆಚ್ಚುತ್ತಾ ಹೋಗುತ್ತದೆ. ದುಂಡು ತುದಿಯ ಪ್ರೋಬ್‌ನಿಂದ ನಾಲ್ಕು ಗೋಡೆ ಮತ್ತು ತಳ, ಐದನ್ನೂ ಮುಟ್ಟಿ ನೋಡದೆ ಸ್ಕ್ರೂ ಕೈಗೆ ತೆಗೆದುಕೊಳ್ಳಬಾರದು. ನರದ ಬೇರು ಪೆಡಿಕಲ್‌ನ ಒಳ ಮತ್ತು ಕೆಳ ಗೋಡೆಗೆ ಅಂಟಿಕೊಂಡೇ ಸಾಗುತ್ತದೆ, ಹಾಗಾಗಿ ಆ ಎರಡು ಗೋಡೆ ಒಡೆದರೆ ರೋಗಿ ಎಚ್ಚರವಾಗುವಾಗಲೇ ಕಾಲುನೋವು ಎನ್ನುತ್ತಾನೆ. ಇಷ್ಟೆಲ್ಲ ಎರಡು ವರ್ಷದಲ್ಲಿ ಕೈಗೆ ಬರುತ್ತದೆ. ಯಾರಿಗೆ ಸ್ಕ್ರೂ ಬೇಡ ಎಂಬುದು ತಿಳಿಯುವುದಕ್ಕೆ ಇನ್ನೂ ಬಹಳ ಕಾಲ ಬೇಕು.

ಒಪಿಡಿಗೆ ಬರುವ ಬಹುಪಾಲು ಜನ ಎಂಆರ್‌ಐ ಕವರ್ ಹಿಡಿದೇ ಕೂರುತ್ತಾರೆ. ಅದನ್ನು ಪಕ್ಕಕ್ಕಿಡಿ. ಮೊದಲು ಕೇಳಬೇಕಾದದ್ದು ಸೊಂಟ ನೋವು ಹೆಚ್ಚೋ, ಕಾಲು ನೋವು ಹೆಚ್ಚೋ ಎಂದು. ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ತೆಗೆಯುವ ಆಪರೇಷನ್ ಕಾಲಿಗೆ ಇಳಿಯುವ ನೋವಿಗೆ. ಸೊಂಟ ನೋವು ಅದರಿಂದ ಹೋಗುತ್ತದೆಂಬ ಭರವಸೆ ಕೊಡುವಂತಿಲ್ಲ. ಈ ಒಂದು ಮಾತನ್ನು ಆಪರೇಷನ್‌ಗೆ ಮುಂಚೆ ರೋಗಿಗೆ, ಮನೆಯವರಿಗೆ ಇಬ್ಬರಿಗೂ ಬಿಡಿಸಿ ಹೇಳದ ಕಾರಣಕ್ಕೇ ಎಷ್ಟೋ ಜಗಳಗಳು ಹುಟ್ಟುತ್ತವೆ. ನಂತರ ಪರೀಕ್ಷೆ. ಮೊಣಕಾಲು ಬಾಗಿಸದೆ ಕಾಲೆತ್ತಿದಾಗ 30ರಿಂದ 70 ಡಿಗ್ರಿಯೊಳಗೆ ಮೊಣಕಾಲಿನ ಕೆಳಗಿನವರೆಗೆ ನೋವು ಚಿಮ್ಮುತ್ತದೆಯೇ? ಹೆಬ್ಬೆರಳು ಮೇಲೆತ್ತುವ ಬಲ ಕಡಿಮೆಯಾಗಿದ್ದರೆ ಎಲ್5 ನರದ ಬೇರು, ಒಂಟಿ ತುದಿಗಾಲಲ್ಲಿ ಹತ್ತು ಸಲ ಏಳಲಾಗದೆ ಹಿಮ್ಮಡಿಯ ಜರ್ಕ್ ಹೋಗಿದ್ದರೆ ಅದರ ಕೆಳಗಿನ ಎಸ್1. ರೋಗಿ ಹೇಳಿದ್ದು, ನಿಮ್ಮ ಕೈಗೆ ಸಿಕ್ಕಿದ್ದು, ಸ್ಕ್ಯಾನ್‌ನಲ್ಲಿ ಕಂಡದ್ದು ಈ ಮೂರೂ ಒಂದೇ ಬೇರಿಗೆ, ಒಂದೇ ಬದಿಗೆ ಬೆರಳು ತೋರಿಸಬೇಕು.

ಸ್ಕ್ಯಾನ್ ಒಂದನ್ನೇ ನಂಬುವುದು ಯಾಕೆ ಅಪಾಯ? 2015ರಲ್ಲಿ ಬ್ರಿಂಜಿಕ್ಜಿ ಮತ್ತು ಜೊತೆಗಾರರು ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದರು. 20ರ ವಯಸ್ಸಿನವರಲ್ಲಿ ಶೇ. 30, 80ರವರಲ್ಲಿ ಶೇ. 84 ಮಂದಿಗೆ ಡಿಸ್ಕ್ ಬಲ್ಜ್ (ಡಿಸ್ಕ್ ಹೊರಕ್ಕೆ ಉಬ್ಬುವುದು) ಇತ್ತು. ವರದಿಯಲ್ಲಿ 'ಬಲ್ಜ್' ಎಂದು ಓದಿ ಹೆದರಿ ಬಂದವರಿಗೆ ಈ ಅಂಕಿ ಹೇಳಿದರೆ ಮುಖದಲ್ಲಿನ ಆತಂಕ ಅರ್ಧ ಇಳಿಯುತ್ತದೆ. ನರದ ಬಲ ಸರಿಯಿದ್ದರೆ ಡಿಸ್ಕ್‌ನ ಕಾಲುನೋವಿಗೆ 6ರಿಂದ 12 ವಾರ ಕಾಯಬಹುದು, ಹೆಚ್ಚಿನವರಲ್ಲಿ ಅಷ್ಟರೊಳಗೆ ಇಳಿಯುತ್ತದೆ.

ಕಾಯಬಾರದ್ದು ಯಾವುದೆಂದರೆ ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಕೂರುವ ಜಾಗ ಜೋಮು ಹಿಡಿಯುವುದು, ಎರಡೂ ಕಾಲಿಗೆ ನೋವು ಇಳಿಯುವುದು. ಇದು ಕಾಡಾ ಇಕ್ವೈನಾ, ಅಂದರೆ ಬೆನ್ನುಹುರಿಯ ಕೆಳತುದಿಯ ನರಗಳ ಗೊಂಚಲು ಒತ್ತಿಹೋಗಿದೆ. ಅಂದೇ ಎಂಆರ್‌ಐ, 48 ಗಂಟೆಯೊಳಗೆ ಆಪರೇಷನ್, ಬೇಗ ಆದಷ್ಟೂ ಒಳ್ಳೆಯದು. ನಮ್ಮ ಕಡೆ ಇದನ್ನು ಕೇಳಿ ತಿಳಿಯಬೇಕು. ಹೆಣ್ಣುಮಕ್ಕಳು, ಅದರಲ್ಲೂ ಜೊತೆಗೆ ಮಾವನೋ ಮೈದುನನೋ ಇದ್ದರೆ, ಮೂತ್ರದ ವಿಷಯ ತಾವಾಗಿ ಎತ್ತುವುದಿಲ್ಲ. ಜೊತೆಯವರನ್ನು ಹೊರಗೆ ಕೂರಿಸಿ, ಸಿಸ್ಟರ್ ಒಬ್ಬರನ್ನು ಕರೆದು, ನೇರವಾಗಿ ಕೇಳಿ: 'ಒಂದಕ್ಕೆ ಹೋದಾಗ ಹೋಗ್ತಿರೋದು ಗೊತ್ತಾಗುತ್ತಾ? ತೊಳೆದುಕೊಳ್ಳುವಾಗ ನೀರು ತಾಕೋದು ಗೊತ್ತಾಗುತ್ತಾ?'

ಕುತ್ತಿಗೆಯಲ್ಲಿ ಹುರಿ ಒತ್ತಿದವರು ಬಹಳ ಸಲ ನೋವನ್ನೇ ಹೇಳುವುದಿಲ್ಲ. ಚಪ್ಪಲಿ ಕಾಲಿಂದ ಕಳಚಿದ್ದು ತಿಳಿಯದೆ ಮುಂದೆ ಹೋಗಿಬಿಡುತ್ತಾರೆ, ಶರ್ಟಿನ ಗುಂಡಿ ಹಾಕಲು ಹೊತ್ತು ಹಿಡಿಯುತ್ತದೆ, ಅನ್ನ ಕಲಸಿ ತುತ್ತು ಮಾಡಿದರೆ ಬೆರಳ ಸಂದಿಯಿಂದ ಉದುರುತ್ತದೆ. ಇವರಿಗೆ 10 ಸೆಕೆಂಡಿನಲ್ಲಿ ಮುಷ್ಟಿ ಬಿಗಿದು ಬಿಡಿಸಲು ಹೇಳಿ ಎಣಿಸಿ. 20ಕ್ಕಿಂತ ಕಡಿಮೆಯಾದರೆ ಅನುಮಾನಪಡಿ. ಹಾಫ್‌ಮನ್ (ಕೈಯ ನಡುಬೆರಳ ತುದಿ ಚಿಮ್ಮಿಸಿದಾಗ ಹೆಬ್ಬೆರಳು ಮಡಚುತ್ತದೆಯೇ ಎಂದು) ನೋಡಿ, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಸಿ. ಬಿ12 ಕೊರತೆಯೂ ಇದೇ ವೇಷದಲ್ಲಿ ಬರುವುದರಿಂದ ಅದನ್ನೂ ಜೊತೆಗೇ ಪರೀಕ್ಷಿಸಿ.

ಇನ್ನು ಬೆನ್ನುಮೂಳೆಯ ಕ್ಷಯ. ರಾತ್ರಿ ನೋವು, ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಸೊಂಟ ನೋವನ್ನು 'ಸವಕಳಿ' ಎಂದು ಕಳಿಸಬೇಡಿ. ಬಯಾಪ್ಸಿ ತೆಗೆದು ಸಿಬಿನ್ಯಾಟ್ (ಕ್ಷಯದ ಜೀನ್ ಪರೀಕ್ಷೆ) ಮಾಡಿಸಿ ಆಮೇಲೆ ಔಷಧ ಶುರು ಮಾಡಿ. ಅಂದಾಜಿನಲ್ಲಿ ಮಾತ್ರೆ ಕೊಟ್ಟರೆ ರಿಫಾಂಪಿಸಿನ್‌ಗೆ ಬಗ್ಗದ ಕ್ಷಯ ತಿಂಗಳುಗಟ್ಟಲೆ ಅಡಗಿ ಕೂರುತ್ತದೆ. ಸಾಮಾನ್ಯವಾಗಿ 2 ತಿಂಗಳು 4 ಔಷಧ, ಆಮೇಲೆ 10 ತಿಂಗಳು 3 ಔಷಧ. ಎಲ್ಲರಿಗೂ ಆಪರೇಷನ್ ಬೇಕಿಲ್ಲ ಎಂಬುದನ್ನು ಮೂಳೆ ತಜ್ಞ ಎಸ್. ಎಂ. ತುಲಿ 1975ರಲ್ಲೇ ತಮ್ಮ 'ಮಧ್ಯಮ ಮಾರ್ಗ'ದಲ್ಲಿ (ಮೊದಲು ಔಷಧ, ಬೇಕಾದವರಿಗಷ್ಟೇ ಆಪರೇಷನ್) ತೋರಿಸಿದರು. ಮಕ್ಕಳಲ್ಲಿ ಮಾತ್ರ ರೋಗ ವಾಸಿಯಾದ ಮೇಲೂ ಗೂನು ಬೆಳೆಯುತ್ತಲೇ ಹೋಗಬಹುದು. ಗಂಗಾ ಆಸ್ಪತ್ರೆಯ ಎಸ್. ರಾಜಶೇಖರನ್ ಗುರುತಿಸಿದ ನಾಲ್ಕು ಎಕ್ಸ್‌ರೇ ಲಕ್ಷಣಗಳನ್ನು ಬಾಯಿಪಾಠ ಮಾಡಿ, ಮಗುವನ್ನು ಬೆಳವಣಿಗೆ ಮುಗಿಯುವವರೆಗೆ ಕರೆಸುತ್ತಿರಿ.

ಅರಿವಳಿಕೆ_ಬದಿಯಿಂದ:

ಮೇಲಿನದಕ್ಕೆ ಓಟಿಯ ಭಾಗ ಸೇರಿಸುತ್ತೇನೆ. ಸ್ಪೈನ್‌ನಲ್ಲಿ ರೋಗಿಯನ್ನು ಬೋರಲಾಗಿ ಮಗುಚಿ ಮಲಗಿಸುವುದನ್ನು ಟೆಕ್ನಿಷಿಯನ್‌ಗೆ ಬಿಟ್ಟು ಸ್ಕ್ರಬ್‌ಗೆ ಹೋಗಬೇಡಿ. ಹೊಟ್ಟೆ ತೂಗುಬಿಟ್ಟಿರಬೇಕು. ಒತ್ತಡ ಬಿದ್ದರೆ ಹೊಟ್ಟೆಯೊಳಗಿನ ರಕ್ತ ಬೆನ್ನುಮೂಳೆಯ ಒಳಗಿನ ಅಭಿಧಮನಿಗಳಿಗೆ ನುಗ್ಗುತ್ತದೆ, ನೀವು ಒಳಗೆ ರಕ್ತ ಹೀರುತ್ತಾ ಕೂರುತ್ತೀರಿ. ಕಣ್ಣಿನ ಮೇಲೆ ಏನೂ ತಾಗಬಾರದು, ಆಪರೇಷನ್ ಆದಮೇಲೆ ದೃಷ್ಟಿ ಹೋದರೆ ತಿರುಗಿ ಬರುವುದು ಅಪರೂಪ. ತೋಳು 90 ಡಿಗ್ರಿಗಿಂತ ಮೇಲೆ ಹೋಗಬಾರದು, ಮೊಣಕೈ ಕೆಳಗೆ ಮೆತ್ತೆ ಇರಬೇಕು.

ಸೋಂಕು ತಡೆಯುವ ಸೆಫಾಜೊಲಿನ್ 2 ಗ್ರಾಂ ಚರ್ಮ ಕೊಯ್ಯುವ ಹಿಂದಿನ 60 ನಿಮಿಷದೊಳಗೆ, 4 ಗಂಟೆ ದಾಟಿದರೆ ಮತ್ತೊಂದು ಡೋಸ್. ನ್ಯೂರೋ ಮಾನಿಟರಿಂಗ್ (ಆಪರೇಷನ್ ನಡೆಯುವಾಗಲೇ ನರಗಳ ಸಿಗ್ನಲ್ ನೋಡುವುದು) ಇದ್ದರೆ ಅರಿವಳಿಕೆಗೆ ಪ್ರೊಪೊಫೋಲ್ ಇನ್‌ಫ್ಯೂಷನ್, ಟ್ಯೂಬ್ ಹಾಕಿದ ಮೇಲೆ ಸ್ನಾಯು ಸಡಿಲಿಸುವ ಔಷಧ ಬೇಡ, ಹಲ್ಲಿನ ನಡುವೆ ಎರಡೂ ಕಡೆ ಬೈಟ್ ಬ್ಲಾಕ್. ಇಲ್ಲವಾದರೆ ಸಿಗ್ನಲ್ ಕೊಟ್ಟಾಗ ನಾಲಿಗೆ ಕಚ್ಚಿಹೋಗುತ್ತದೆ. ಸಿಗ್ನಲ್ ಬಿದ್ದರೆ ಮೊದಲು ಬಿಪಿ ಏರಿಸಿ, ಹಿಮೋಗ್ಲೋಬಿನ್, ಉಷ್ಣತೆ ನೋಡಿ, ಜೊತೆಜೊತೆಗೇ ಸರ್ಜನ್ ಕೊನೆಯದಾಗಿ ಮಾಡಿದ್ದನ್ನು ಹಿಂದಕ್ಕೆ ತೆಗೆಯಬೇಕು.

ಡಿಸ್ಕ್ ಕೇಸ್‌ನಲ್ಲಿ ಎರಡು ವಿಷಯ. ಯಾವ ಡಿಸ್ಕ್ ಎಂಬ ಲೆವೆಲ್ ಗುರುತನ್ನು ಸಿ-ಆರ್ಮ್‌ನಲ್ಲಿ (ಓಟಿಯ ಎಕ್ಸ್‌ರೇ ಯಂತ್ರ) ಕೊಯ್ಯುವ ಮೊದಲು ಒಮ್ಮೆ, ಮೂಳೆ ಕಂಡ ಮೇಲೆ ಮತ್ತೊಮ್ಮೆ ನೋಡಲೇಬೇಕು. ಎಲ್5 ತನ್ನ ಕೆಳಗಿನ ಸೇಕ್ರಮ್ ಮೂಳೆಗೆ ಅಂಟಿಕೊಂಡವರಲ್ಲಿ ಎಣಿಕೆ ತಪ್ಪಿ ಪಕ್ಕದ ಡಿಸ್ಕ್ ತೆರೆಯುವುದು ಹೀಗೇ ಆಗುವುದು. ಎರಡನೆಯದು, ಡಿಸ್ಕ್ ಒಳಗೆ ಫೋರ್ಸೆಪ್ಸ್ 3 ಸೆಂ.ಮೀ. ದಾಟಬಾರದು, ಮುಂದಿನ ಗೋಡೆಯ ಆಚೆ ಇರುವುದು ದೊಡ್ಡ ರಕ್ತನಾಳಗಳು. ಬಿಪಿ ಕಾರಣವಿಲ್ಲದೆ ಕುಸಿಯುತ್ತಿದೆ ಎಂದು ನಾವು ಹೇಳಿದಾಗ 'ಇಲ್ಲಿ ರಕ್ತ ಇಲ್ಲವಲ್ಲ' ಎನ್ನಬೇಡಿ. ರಕ್ತ ಹೊಟ್ಟೆಯ ಹಿಂದೆ ಸೇರುತ್ತಿರುತ್ತದೆ, ಗಾಯದಲ್ಲಿ ಕಾಣಬೇಕೆಂದಿಲ್ಲ. ಕೂಡಲೇ ರೋಗಿಯನ್ನು ಅಂಗಾತ ಮಗುಚಿ ವ್ಯಾಸ್ಕ್ಯುಲರ್ (ರಕ್ತನಾಳದ) ಸರ್ಜನ್ ಕರೆಸಿ.

ಫಿಸಿಯೋ_ವಾರ್ಡ್:

ಮೈಕ್ರೋಡಿಸ್ಕೆಕ್ಟಮಿ (ಸಣ್ಣ ಗಾಯದಿಂದ ಡಿಸ್ಕ್ ತೆಗೆಯುವ ಆಪರೇಷನ್) ಆದವರನ್ನು ಅಂದೇ ಸಂಜೆ ಅಥವಾ ಮರುದಿನ ನಿಲ್ಲಿಸುತ್ತೇವೆ. ಡ್ಯೂರಾ (ಬೆನ್ನುಹುರಿಯ ಹೊರಪೊರೆ) ಹರಿದಿದ್ದರೆ ಮೊದಲು ನಮಗೆ ಹೇಳಿ, ಕೂರಿಸಿದ ಕೂಡಲೇ ತಲೆ ಸಿಡಿಯುತ್ತದೆ ಎಂದರೆ ಮತ್ತೆ ಮಲಗಿಸಬೇಕಾಗುತ್ತದೆ. ಏಳುವ ಕ್ರಮ: ಮೊಣಕಾಲು ಮಡಚಿ, ಭುಜ ಮತ್ತು ಸೊಂಟ ಒಟ್ಟಿಗೆ ಮಗ್ಗುಲಾಗಿ, ಕಾಲು ಕೆಳಗಿಳಿಸುತ್ತಾ ಕೈ ಊರಿ ಎದ್ದು ಕೂರುವುದು. ಮೊದಲ 6 ವಾರ ಒಂದೇ ಸಮನೆ 20-30 ನಿಮಿಷಕ್ಕಿಂತ ಹೆಚ್ಚು ಕೂರಬಾರದು, 5 ಕೆ.ಜಿ.ಗಿಂತ ಹೆಚ್ಚು ಎತ್ತಬಾರದು. ಡಿಸ್‌ಚಾರ್ಜ್ ಕಾರ್ಡಿನಲ್ಲಿ 'ಭಾರ ಎತ್ತಬೇಡಿ' ಎಂದಷ್ಟೇ ಬರೆದರೆ ಸಾಲದು. ತುಂಬಿದ ಕೊಡ, ಗ್ಯಾಸ್ ಸಿಲಿಂಡರ್, ಮಗು, ನೆಲದ ಮೇಲೆ ಊಟ, ಇಂಡಿಯನ್ ಟಾಯ್ಲೆಟ್ ಎಂದು ಹೆಸರಿಟ್ಟು ಹೇಳಿ. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿ ಸಿಗುತ್ತದೆ, ಅದನ್ನು ಆಪರೇಷನ್‌ಗೆ ಮೊದಲೇ ತರಿಸಿ.

ಮಲೆನಾಡು, ಕರಾವಳಿಯಲ್ಲಿ ಅಡಿಕೆ ಮರದಿಂದ, ತೆಂಗಿನ ಮರದಿಂದ ಬಿದ್ದವರ ವಿಷಯ ಬೇರೆ. ಕೈಕಾಲು ಹಿಡಿದು ಜೀಪಿಗೆ ಹಾಕುವುದರಲ್ಲಿ ಉಳಿದಿದ್ದ ಬಲವೂ ಹೋಗಬಹುದು. ನಾಲ್ವರು ಬೇಕು: ಒಬ್ಬರು ತಲೆ-ಕುತ್ತಿಗೆ, ಮೂವರು ಭುಜ, ಸೊಂಟ, ಕಾಲು, ತಲೆ ಹಿಡಿದವರು ಎಣಿಸಿದಾಗ ಎಲ್ಲರೂ ಒಟ್ಟಿಗೆ ಹೊರಳಿಸಿ ಹಲಗೆ ಜಾರಿಸಬೇಕು. ಬಾಗಿಲ ಹಲಗೆಯೂ ಆಗುತ್ತದೆ. ಆಸ್ಪತ್ರೆ ತಲುಪಿದ ಮೇಲೆ ಹಲಗೆಯಿಂದ ಬೇಗ ಇಳಿಸಿ, ಸ್ಪರ್ಶ ಇಲ್ಲದವರಿಗೆ ಹುಣ್ಣು ಅಲ್ಲಿಂದಲೇ ಶುರು. 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಮೂತ್ರ 4-6 ಗಂಟೆಗೊಮ್ಮೆ ಕ್ಯಾತಿಟರ್‌ನಿಂದ ತೆಗೆಯುವುದನ್ನು ಮನೆಯವರಿಗೆ ಕಲಿಸಿ, ಒಂದು ಸಲಕ್ಕೆ 500 ಮಿ.ಲೀ. ದಾಟಬಾರದು. ಎದೆಭಾಗದ ಆರನೇ ಬೆನ್ನುಮೂಳೆಗಿಂತ (ಟಿ6) ಮೇಲಿನ ಗಾಯದವರು ಇದ್ದಕ್ಕಿದ್ದಂತೆ ತಲೆನೋವು, ಬೆವರು ಎಂದರೆ ಎಬ್ಬಿಸಿ ಕೂರಿಸಿ ಬಿಪಿ ನೋಡಿ, ಕ್ಯಾತಿಟರ್ ಕಟ್ಟಿದೆಯೇ ನೋಡಿ.

ಕೊನೆವರ್ಷದ_ಪಿಜಿ:

ಎಲ್ಲರಿಗೂ ಧನ್ಯವಾದ. ಒಂದು ಅನುಮಾನ ಉಳಿದಿದೆ. ಕಳೆ ಕೀಳಲು ದಿನವಿಡೀ ಕುಕ್ಕರುಗಾಲಲ್ಲಿ ಕೂತವರು 'ಪಾದ ಎತ್ತಲಾಗುತ್ತಿಲ್ಲ' ಎಂದು ಬರುತ್ತಾರೆ. ಎಂಆರ್‌ಐಯಲ್ಲಿ ಎಲ್4-5 ಬಲ್ಜ್ ಕೂಡ ಇರುತ್ತದೆ. ಎಲ್5 ಬೇರೋ, ಮೊಣಕಾಲ ಪಕ್ಕದ ನರವೋ ಹೇಗೆ ಬಿಡಿಸುವುದು?

ಸ್ಪೈನ್_ಒಪಿಡಿ:

ಪಾದವನ್ನು ಒಳಕ್ಕೆ ತಿರುಗಿಸುವ ಬಲ ನೋಡಿ. ಅದು ಟಿಬಿಯಾಲಿಸ್ ಪೋಸ್ಟೀರಿಯರ್ ಸ್ನಾಯುವಿನ ಕೆಲಸ. ಅದರ ನರ ಎಲ್5ರಿಂದ ಬಂದರೂ ಮೊಣಕಾಲ ಪಕ್ಕದ ಪೆರೋನಿಯಲ್ ನರದಲ್ಲಿ ಸಾಗುವುದಿಲ್ಲ. ಪಾದ ಜೋತುಬಿದ್ದಾಗ ಈ ಬಲ ಸುಳ್ಳಾಗಿ ಕಡಿಮೆ ಕಾಣುತ್ತದೆ, ಆದ್ದರಿಂದ ಪಾದವನ್ನು ನಿಮ್ಮ ಕೈಯಿಂದ ನೇರಕ್ಕೆ ತಂದು ಹಿಡಿದೇ ಪರೀಕ್ಷಿಸಿ. ಆಮೇಲೆ ಮಗ್ಗುಲಾಗಿ ಮಲಗಿಸಿ ತೊಡೆ ಮೇಲೆತ್ತಿಸಿ, ಅದು ಪೃಷ್ಠದ ಗ್ಲೂಟಿಯಸ್ ಮೀಡಿಯಸ್ ಸ್ನಾಯುವಿನ ಕೆಲಸ. ಎರಡೂ ದುರ್ಬಲವಾದರೆ ಬೇರಿನ ಕಡೆ ಯೋಚಿಸಿ. ಎರಡೂ ಗಟ್ಟಿಯಾಗಿದ್ದು ಪಾದ ಎತ್ತುವುದು, ಹೊರಕ್ಕೆ ತಿರುಗಿಸುವುದು ಮಾತ್ರ ಹೋಗಿದ್ದರೆ, ಸೊಂಟ ನೋವೂ ಇಲ್ಲದಿದ್ದರೆ, ಮೊಣಕಾಲ ಹೊರಬದಿಯ ಫಿಬುಲಾ ಮೂಳೆಯ ಕತ್ತಿನಲ್ಲಿ ತಟ್ಟಿ ನೋಡಿ. ಪಾದದ ಮೇಲ್ಭಾಗಕ್ಕೆ ಜುಮ್ಮೆಂದರೆ ತೊಂದರೆ ಅಲ್ಲೇ.

ನರ್ವ್ ಕಂಡಕ್ಷನ್ ಮತ್ತು ಇಎಂಜಿ (ಸ್ನಾಯುವಿಗೆ ಸೂಜಿ ಹಾಕಿ ನೋಡುವ ಪರೀಕ್ಷೆ) ಎರಡು-ಮೂರು ವಾರ ಕಳೆದ ಮೇಲೆ ಮಾಡಿಸಿ, ಅದಕ್ಕಿಂತ ಮುಂಚೆ ಸೂಜಿ ಪರೀಕ್ಷೆ ನಾರ್ಮಲ್ ಬಂದು ದಾರಿ ತಪ್ಪಿಸಬಹುದು. ಇಎಂಜಿಯಲ್ಲಿ ಟಿಬಿಯಾಲಿಸ್ ಪೋಸ್ಟೀರಿಯರ್, ಗ್ಲೂಟಿಯಸ್ ಮೀಡಿಯಸ್ ಎರಡನ್ನೂ ನೋಡಲು ಚೀಟಿಯಲ್ಲೇ ಬರೆದು ಕಳಿಸಿ. ಬೇರೇ ಒತ್ತಿ ಬಲ 5ರಲ್ಲಿ 3ನೇ ಗ್ರೇಡ್‌ಗಿಂತ ಕೆಳಗಿದ್ದರೆ, ಸ್ಕ್ಯಾನ್ ಹೊಂದುತ್ತಿದ್ದರೆ, ಕಾಯಬೇಡಿ. ಕುಕ್ಕರುಗಾಲಿನಿಂದ ಆದದ್ದಾದರೆ ಆ ಭಂಗಿ ನಿಲ್ಲಿಸಿ, ಪಾದದ ಸ್ಪ್ಲಿಂಟ್ ಹಾಕಿ, ಹಿಮ್ಮಡಿಯ ಸ್ನಾಯು ಬಿಗಿಯದಂತೆ ದಿನವೂ ಎಳೆಸಿ, ತಿಂಗಳಿಗೊಮ್ಮೆ ಬಲ ಬರೆದಿಡಿ. ಸ್ಪ್ಲಿಂಟ್ ಹಾಕಿದವರಿಗೆ ಹವಾಯಿ ಚಪ್ಪಲಿ ನಿಲ್ಲುವುದಿಲ್ಲ. ಹಿಂದೆ ಪಟ್ಟಿ ಇರುವ, ಒಂದು ಸೈಜ್ ದೊಡ್ಡ ಸ್ಯಾಂಡಲ್ ಎಂದು ಚೀಟಿಯಲ್ಲಿ ಬರೆದುಕೊಡಿ.