ವಿಳಾಸದ ಕೊನೆಯ ಸಂಖ್ಯೆ ಬದಲಿಸಿದರೂ ಸಿಡಿಎನ್‌ನಿಂದ ಹಳೆಯ ಸಿಎಸ್‌ಎಸ್ ಫೈಲೇ ಬರುತ್ತಿದೆ

ಪ್ರಶ್ನೆ:
ನಮಸ್ಕಾರ. ನಾನು ನೋಡಿಕೊಳ್ಳುವ ಜಾಲತಾಣದ ಸಿಎಸ್‌ಎಸ್ ಫೈಲು (ಪುಟದ ವಿನ್ಯಾಸ ಹೇಳುವ ಫೈಲು) ಸಿಡಿಎನ್ ಮೂಲಕ, ಅಂದರೆ ಫೈಲುಗಳ ಪ್ರತಿ ಇಟ್ಟುಕೊಂಡು ಓದುಗರಿಗೆ ಹಂಚುವ ಸರ್ವರುಗಳ ಜಾಲದ ಮೂಲಕ, ಹೋಗುತ್ತದೆ. ಪ್ರತಿಯನ್ನು ಎಷ್ಟು ಕಾಲ ಬಳಸಬಹುದೆಂದು ಹೇಳುವ ಮ್ಯಾಕ್ಸ್-ಏಜ್ 31536000 ಸೆಕೆಂಡು, ಅಂದರೆ ಒಂದು ವರ್ಷ. ನಿನ್ನೆ ಫೈಲನ್ನು ತಿದ್ದಿ, ಪುಟದಲ್ಲಿ ಅದರ ವಿಳಾಸದ ಕೊನೆಗೆ ‘?ವಿ=2’ ಎಂದು ಸೇರಿಸಿದೆ. ಆದರೂ ಸಿಡಿಎನ್ ಹಳೆಯದನ್ನೇ ಕೊಟ್ಟಿತು. ಪರ್ಜ್ ಮಾಡಿದ (ಸಿಡಿಎನ್‌ನಲ್ಲಿದ್ದ ಪ್ರತಿಯನ್ನು ಅಳಿಸಿದ) ಮೇಲೆ ನನ್ನ ಕಂಪ್ಯೂಟರಿನಲ್ಲಿ ಸರಿಯಾಯಿತು, ಕೆಲವು ಓದುಗರಿಗೆ ಇನ್ನೂ ಹಳೆಯ ವಿನ್ಯಾಸವೇ ಕಾಣುತ್ತಿದೆ. ಎಲ್ಲಿ ತಪ್ಪಿದೆ?

ಉತ್ತರ:
ಪ್ರಶ್ನಾಚಿಹ್ನೆಯ ನಂತರದ ಭಾಗವನ್ನು ನಿಮ್ಮ ಸಿಡಿಎನ್ ತನ್ನ ಕ್ಯಾಶ್ ಕೀಯಲ್ಲಿ (ಇಟ್ಟುಕೊಂಡ ಪ್ರತಿಯನ್ನು ಗುರುತಿಸುವ ಹೆಸರಿನಲ್ಲಿ) ಸೇರಿಸಿಕೊಳ್ಳುತ್ತಿಲ್ಲವೆಂದು ಕಾಣುತ್ತದೆ. ಕ್ಲೌಡ್‌ಫ್ರಂಟ್ ಎಂಬ ಸಿಡಿಎನ್‌ನ ‘ಕ್ಯಾಶಿಂಗ್ ಆಪ್ಟಿಮೈಸ್ಡ್’ ಪಾಲಿಸಿಯಲ್ಲಿ ಅದು ಸೇರುವುದಿಲ್ಲ. ಕ್ಲೌಡ್‌ಫ್ಲೇರ್ ಎಂಬ ಇನ್ನೊಂದು ಸಿಡಿಎನ್‌ನ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಸೇರುತ್ತದೆ. ಖಚಿತಪಡಿಸಿಕೊಳ್ಳಲು, ಇದುವರೆಗೆ ಯಾರೂ ಬಳಸದ ‘?ವಿ=99’ ವಿಳಾಸವನ್ನು ಕರ್ಲ್‌ನಿಂದ (ಬ್ರೌಸರ್ ಇಲ್ಲದೆ ವಿಳಾಸ ಕೇಳುವ ಸಾಧನ) ಕೇಳಿ ನೋಡಿ: ಮೊದಲ ಸಲವೇ ಕ್ಯಾಶ್ ‘ಹಿಟ್’ (ಇಟ್ಟುಕೊಂಡ ಪ್ರತಿಯೇ ಸಿಕ್ಕಿತು) ಎಂದು ಬಂದು, ಆ ಪ್ರತಿ ಎಷ್ಟು ಸೆಕೆಂಡು ಹಳೆಯದೆಂದು ಹೇಳುವ ಏಜ್ ಹೆಡರ್‌ನಲ್ಲಿ ದೊಡ್ಡ ಸಂಖ್ಯೆ ಇದ್ದರೆ ಅನುಮಾನವೇ ಬೇಡ.

ಓದುಗರ ತೊಂದರೆ ಬೇರೆ, ಮತ್ತು ಅದೇ ಹೆಚ್ಚು ಗಂಭೀರವಾದದ್ದು. ನೀವು ಪರ್ಜ್ ಮಾಡುವ ಮೊದಲೇ ಪುಟವನ್ನು ತೆರೆದವರ ಬ್ರೌಸರ್, ‘?ವಿ=2’ ಎಂಬ ಹೊಸ ವಿಳಾಸದ ಅಡಿಯಲ್ಲಿ ಹಳೆಯ ಫೈಲನ್ನು ಒಂದು ವರ್ಷಕ್ಕೆ ತೆಗೆದಿಟ್ಟುಕೊಂಡಿದೆ; ಸಿಡಿಎನ್‌ನಲ್ಲಿ ಮಾಡಿದ ಪರ್ಜ್ ಬ್ರೌಸರಿನವರೆಗೆ ತಲುಪುವುದೇ ಇಲ್ಲ. ಆದ್ದರಿಂದ ವಿಳಾಸವನ್ನು ಇನ್ನೊಮ್ಮೆ ಬದಲಿಸಲೇಬೇಕು.

ಈ ಸಲ ಫೈಲಿನ ಹೆಸರನ್ನೇ ಬದಲಿಸಿ. ವೀಟ್, ವೆಬ್‌ಪ್ಯಾಕ್ ಮುಂತಾದ ಬಿಲ್ಡ್ ಸಾಧನಗಳು ಫೈಲಿನ ಒಳಗಿರುವುದರಿಂದಲೇ ಹ್ಯಾಶ್ (ಗುರುತಿನ ಅಕ್ಷರಮಾಲೆ) ಲೆಕ್ಕಹಾಕಿ ಹೆಸರಿಗೆ ಸೇರಿಸಬಲ್ಲವು. ಒಂದಕ್ಷರ ಬದಲಾದರೂ ಹೆಸರು ಬದಲಾಗುತ್ತದೆ, ಬದಲಾಗದ ಫೈಲು ಕ್ಯಾಶ್‌ನಲ್ಲಿಯೇ ಉಳಿಯುತ್ತದೆ. ಎಚ್‌ಟಿಎಂಎಲ್ ಪುಟಕ್ಕೆ ಮಾತ್ರ ‘ನೋ-ಕ್ಯಾಶ್’ ಕೊಡಿ. ‘ನೋ-ಕ್ಯಾಶ್’ ಎಂಬ ಹೆಸರು ದಾರಿ ತಪ್ಪಿಸುವಂತಿದೆ: ಇಟ್ಟುಕೊಳ್ಳಬೇಡ ಎಂದಲ್ಲ, ಪ್ರತಿ ಸಲ ಮೂಲ ಸರ್ವರನ್ನು ಕೇಳಿ ಬಳಸು ಎಂದು ಅದರ ಅರ್ಥ. ಇಟ್ಟುಕೊಳ್ಳಲೇಬಾರದೆಂದರೆ ‘ನೋ-ಸ್ಟೋರ್’ ಬೇಕು.

ಪ್ರಶ್ನೆ:
‘?ವಿ=99’ ಮೊದಲ ಸಲವೇ ಹಿಟ್ ಆಯಿತು, ಏಜ್ 5400 ದಾಟಿತ್ತು. ಹ್ಯಾಶ್ ಇರುವ ಹೆಸರುಗಳಿಗೆ ಬದಲಾಯಿಸಿದ ಮೇಲೆ ಎಲ್ಲರಿಗೂ ಸರಿಯಾಗಿದೆ, ಧನ್ಯವಾದಗಳು. ಹಳೆಯ ಹೆಸರಿನ ಫೈಲುಗಳನ್ನು ಸರ್ವರಿನಿಂದ ಈಗಲೇ ಅಳಿಸಬಹುದೇ?

ಉತ್ತರ:
ಬೇಡ. ಹಳೆಯ ಪುಟವನ್ನು ತೆರೆದೇ ಇಟ್ಟಿರುವವರು ಮುಂದೊಂದು ಗುಂಡಿ ಒತ್ತಿದಾಗ ಅದು ಹಳೆಯ ಹೆಸರಿನ ಜಾವಾಸ್ಕ್ರಿಪ್ಟ್ ಫೈಲನ್ನು ಕೇಳಬಹುದು. ಆಗ 404 (ಫೈಲು ಸಿಗಲಿಲ್ಲ ಎಂಬ ಉತ್ತರ) ಬಂದರೆ ಅವರ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ನಾನು ಹಳೆಯ ಫೈಲುಗಳನ್ನು ಒಂದು ತಿಂಗಳು ಉಳಿಸಿಕೊಳ್ಳುತ್ತೇನೆ. ಹಾಗೆಯೇ, ಪ್ರತಿ ಸಲ ಹೊಸ ಫೈಲುಗಳನ್ನು ಮೊದಲು ಏರಿಸಿ, ಅವೆಲ್ಲ ತಲುಪಿದ ಮೇಲಷ್ಟೇ ಎಚ್‌ಟಿಎಂಎಲ್ ಪುಟವನ್ನು ಏರಿಸಿ.